ಗಾಳಿಯಿಲ್ಲದೆ ತಿರುಗಿದ ರೆಕ್ಕೆ

ಮುತ್ತಣ್ಣನಿಗೆ ಸುಳ್ಳು ಕಂಡರೆ ವಾಕರಿಕೆ. ಸತ್ಯಸಂಧ ಅನ್ನಿಸಿಕೊಳ್ಳುವ ಹಂಬಲವೇನೂ ಇಲ್ಲ. ಸಡಿಲ ಜಾಯಿಂಟಿಗೆ ಟೇಪು ಸುತ್ತಿ ಮುಚ್ಚಿದರೆ ಒಂದಲ್ಲ ಒಂದು ದಿನ ಹೊಗೆ ಏಳುತ್ತದೆಂದು ಬಲ್ಲ ಎಲೆಕ್ಟ್ರಿಷಿಯನ್. ಲಿಂಗಸುಗೂರಿನಿಂದ ಕಾಂಕ್ರೀಟು ಹೊರಲು ಬಂದು, ವೈರಿಂಗಿನವರ ಏಣಿ ಹಿಡಿದು ನಿಂತೇ ವಿದ್ಯೆ ಕಲಿತವನು. ಈಗ ವೈಟ್‌ಫೀಲ್ಡಿನಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟೊಂದರ ಹಿಂದೆ, ಕೂಲಿಯವರ ತಗಡಿನ ಶೆಡ್ಡಿನಲ್ಲಿ ಹೆಂಡತಿ ದುರ್ಗವ್ವನ ಜೊತೆ ಇದ್ದಾನೆ.

ಶೆಡ್ಡುಗಳ ಸಾಲಿನ ಕೊನೆಗೆ ಹೆಂಗಸರ ಕಕ್ಕಸು. ಅಲ್ಲಿಗೆ ದೀಪವಿರಲಿಲ್ಲ. ಮೂವತ್ತು ಮಹಡಿಗೆ ಲಿಫ್ಟು ತರಿಸಿದವರಿಗೆ ಅಲ್ಲಿಗೊಂದು ವೈರು ಎಳೆಸಲು ಪರ್ಮಿಷನ್ ಸಿಗಲಿಲ್ಲವಂತೆ. ಸಂಜೆಯಾದರೆ ಕುಡುಕರು ಅಲ್ಲೇ ಅಡ್ಡಾಡುತ್ತಿದ್ದರು. ಹೆಂಗಸರು ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದರು. ಥೂ, ಇದೂ ಒಂದು ಬಾಳೇ?

ಮುತ್ತಣ್ಣ ಗುಜರಿಯಿಂದ ಟ್ರೆಡ್‌ಮಿಲ್ಲಿನ ಮೋಟಾರು ತಂದ. ಕರೆಂಟು ಕೊಟ್ಟರೆ ತಿರುಗುವ ಡಿಸಿ ಮೋಟಾರನ್ನು ನಾವೇ ತಿರುಗಿಸಿದರೆ ಅದೇ ನಮಗೆ ಕರೆಂಟು ಕೊಡುತ್ತದೆ. ಪೈಪು ಸೀಳಿ ಗಾಳಿಗೆ ತಿರುಗುವ ರೆಕ್ಕೆ ಮಾಡಿ, ಮೋಟಾರಿಗೆ ಸಿಕ್ಕಿಸಿ ಕಂಬಕ್ಕೇರಿಸಿ, ಹಳೆಯ ಬ್ಯಾಟರಿಗೆ ಜೋಡಿಸಿದ. ಗಾಳಿಯೇ ಇಲ್ಲ, ರೆಕ್ಕೆ ಮಾತ್ರ ತಿರುಗತೊಡಗಿತು. ನೆರೆದವರು ಬಾಯಿ ಬಿಟ್ಟುಕೊಂಡು ನೋಡಿದರು. ಮುತ್ತಣ್ಣ ಹಣೆ ಚಚ್ಚಿಕೊಂಡ: ಬ್ಯಾಟರಿಯ ಕರೆಂಟೇ ಹಿಂದಕ್ಕೆ ಹರಿದು ಮೋಟಾರನ್ನು ತಿರುಗಿಸುತ್ತಿತ್ತು. ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡ್ ಹಾಕಿದ ಮೇಲೆ ಸರಿಹೋಯಿತು. ಅಲ್ಲಿಂದ ಮುಂದೆ ನಿಜವಾದ ಗಾಳಿಗೆ ತಿರುಗಿತು, ಬ್ಯಾಟರಿ ತುಂಬಿತು, ಹದಿನೈದು ದಿನ ಕಕ್ಕಸಿನ ಮುಂದೆ ಬಲ್ಬು ಉರಿಯಿತು.

ಅಷ್ಟರಲ್ಲಿ ಸೈಟ್ ಮ್ಯಾನೇಜರ್ ಸಿದ್ದಾರ್ಥ್ ಈ ಗಾಳಿಯಂತ್ರಕ್ಕೆ ಕಂಪನಿಯ ಬೋರ್ಡು ತಗುಲಿಸಿದ. ಉದ್ಘಾಟನೆಗೆ ದೆಹಲಿಯಿಂದ ಅತಿಥಿಗಳು. ಕಕ್ಕಸಿನ ಬಾಗಿಲಿಗೆ ಚಿಲಕವಿಲ್ಲ, ಕಂಬಕ್ಕೆ ಚೆಂಡುಹೂವಿನ ಹಾರ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಆ ಬೆಳಿಗ್ಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ಫಸ್ಟ್ ಡೇ ಸುಮ್ನೆ ತಿರುಗ್ತಿತ್ತಲ್ಲ ಮುತ್ತಣ್ಣ, ಹಂಗೆ ಮಾಡ್ಬಿಡು. ಫೋಟೋಗೆ ತಿರುಗ್ಬೇಕು ಅಷ್ಟೇ," ಎಂದ ಸಿದ್ದಾರ್ಥ್.

"ಬ್ಯಾಟರಿ ಖಾಲಿ ಆಕ್ಕೈತ್ರಿ ಸಾರ್. ಸಂಜಿಗೆ ಲೈಟ್ ಇರಂಗಿಲ್ಲ."

"ಕೆಲಸ ಬೇಕೋ ಬೇಡ್ವೋ, ಅದು ಹೇಳು."

ಮುತ್ತಣ್ಣ ತನ್ನ ಕೈಯಾರೆ ಡಯೋಡ್ ಕಿತ್ತು ವೈರನ್ನು ನೇರ ಜೋಡಿಸಿದ. ರೆಕ್ಕೆ ತಿರುಗಿತು. ಚಪ್ಪಾಳೆ ಬಿತ್ತು, ಮುತ್ತಣ್ಣನ ಹೆಗಲಿಗೆ ಶಾಲು ಬಿತ್ತು. ಅಲುಗದ ಎಲೆಗಳನ್ನೂ ರೆಕ್ಕೆಯನ್ನೂ ಕೈಮಾಡಿ ತೋರಿಸಿ, ಗಾಳಿಯಿಲ್ಲದೆ ಇದು ಹೇಗೆ ಎಂದು ಒಬ್ಬ ಅತಿಥಿ ಇಂಗ್ಲಿಷಿನಲ್ಲಿ ಕೇಳಿದ. "ಬ್ಯಾಟರಿ ತಿರುಗಸ್ತೈತ್ರಿ, ಗಾಳಿ ಅಲ್ಲ," ಎಂದು ಮುತ್ತಣ್ಣ ಹೇಳಿಯೇಬಿಟ್ಟ. ಸಿದ್ದಾರ್ಥ್ ಅದನ್ನು ಇಂಗ್ಲಿಷಿಗೆ ಮಾಡಿ ಏನೆಂದನೋ, ಎಲ್ಲರೂ ನಕ್ಕು ಮತ್ತೆ ಚಪ್ಪಾಳೆ ತಟ್ಟಿದರು. ಮುತ್ತಣ್ಣನಿಗೆ ಅವರ ಮೇಲಿಗಿಂತ ತನ್ನ ಕೈಗಳ ಮೇಲೇ ಹೆಚ್ಚು ಹೇಸಿಗೆಯಾಯಿತು. ಶಾಲನ್ನು ಮಡಚಿ ಸಿಮೆಂಟಿನ ಚೀಲದ ಮೇಲೆ ಇಟ್ಟ.

ಮಧ್ಯಾಹ್ನ ಅತಿಥಿಗಳು ಊಟ ಮುಗಿಸಿ ಕಾರು ಹತ್ತಿ ಹೋದ ಮೇಲೆ ಡಯೋಡನ್ನು ಮತ್ತೆ ಬೆಸೆದ. ರೆಕ್ಕೆ ನಿಂತಿತು. ಬ್ಯಾಟರಿ ಬರಿದಾಗಿತ್ತು, ಇನ್ನೆರಡು ದಿನ ಗಾಳಿ ಬೀಸಿದರಷ್ಟೇ ತುಂಬುವುದು. ಕತ್ತಲಾಗುವ ಹೊತ್ತಿಗೆ ಹೆಂಗಸರು ಬಕೆಟ್ಟು ಹಿಡಿದು ಬಂದರು. ಉರಿಯದ ಬಲ್ಬನ್ನೂ ನಿಂತ ರೆಕ್ಕೆಯನ್ನೂ ನೋಡಿ, ಕಂಬದ ಬುಡದಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದ ಅವನನ್ನು ನೋಡಿದರು. ದುರ್ಗವ್ವನೇ ಮುಂದೆ ಬಂದಳು.

"ಸಾಹೇಬ್ರು ಇದ್ದಾಗ ಚಲೋ ತಿರುಗ್ತಿತ್ತು," ಅಂದಳು. "ನೀ ಯಾಕ ನಿಲ್ಸಿದಿ?"