ಇದ್ದಿಲಿನ ಚಕ್ರಕ್ಕೆ ಎಳ್ಳೆಣ್ಣೆಯ ಬೊಟ್ಟು

ನಮ್ಮ ಮನೆಯಲ್ಲಿ ಕಾರು ಬೀದಿಯಲ್ಲಿ ಮಲಗುತ್ತದೆ, ಸೈಕಲ್ಲು ನಡುಮನೆಯಲ್ಲಿ ಮಲಗುತ್ತದೆ. ಕಾರಿನ ಮೇಲೆ ಕಾಗೆ ಕೂತರೂ ಯಾರೂ ಕೇಳುವುದಿಲ್ಲ. ಸೈಕಲ್ಲಿನ ಮೇಲೆ ನಾನು ಟವಲು ಒಣಹಾಕಿದರೆ ಮಾತ್ರ ರಾದ್ಧಾಂತ. ಬಂದವರು ಕುರ್ಚಿ ಹುಡುಕುವಾಗ ಅದರ ಹ್ಯಾಂಡಲ್ಲು ಸೊಂಟಕ್ಕೆ ತಿವಿಯುತ್ತದೆ. ಎರಡು ವರ್ಷ ನಾನು ಸೈಕಲ್ಲನ್ನು ಬೈದೆ. ಈಗ ಬಂದವರನ್ನೇ ಬೈಯುತ್ತೇನೆ.

ಅದು ನನ್ನ ಮೊಮ್ಮಗಳು ಸಿಂಧುವಿನದು. ಹೆಬ್ಬಾಳದ ಕಡೆ ದನಕರುಗಳ ಡಾಕ್ಟರಾಗಿದ್ದಾಳೆ; ಎಮ್ಮೆ ಒದ್ದರೂ ಅಳದ ಹುಡುಗಿ. ವಾರವೆಲ್ಲ ದನದ ಬಾಯಿಗೆ ಕೈಹಾಕಿ, ಭಾನುವಾರ ಬೆಳಿಗ್ಗೆ ಯಲಹಂಕದಿಂದ ಹೆಸರಘಟ್ಟದ ಕಡೆಗೆ ತುಳಿದುಕೊಂಡು ಹೋಗುತ್ತಾಳೆ. ಇದು ಮಾಮೂಲಿ ಸೈಕಲ್ಲಲ್ಲವಂತೆ, ಗ್ರಾವೆಲ್ ಸೈಕಲ್ಲಂತೆ. ಗ್ರಾವೆಲ್ ಅಂದರೇನು ಎಂದು ಕೇಳಿದೆ. ಜಲ್ಲಿ, ಮಣ್ಣು, ಇಂಥ ದಾರಿಯಲ್ಲಿ ಓಡಿಸುವುದಂತೆ. ನಗು ಬಂತು. ನಾನು ಮದುವೆಯಾಗಿ ಈ ಊರಿಗೆ ಬಂದಾಗ ಇದ್ದದ್ದೆಲ್ಲ ಜಲ್ಲಿಯ ದಾರಿಯೇ. ಟಾರು ಬರಲಿ ಎಂದು ಕಂಡಕಂಡ ದೇವರಿಗೆಲ್ಲ ಕೈಮುಗಿದವರು ನಾವು. ಈಗ ಟಾರು ಬಂದಿದೆ. ಜನ ಜಲ್ಲಿ ಹುಡುಕಿಕೊಂಡು ಊರಾಚೆ ಹೋಗುತ್ತಾರೆ. ಅಷ್ಟು ದೂರ ಯಾಕೆ ಹೋಗಬೇಕೋ ಕಾಣೆ. ಪೈಪು ಹಾಕುತ್ತೇವೆಂದು ಅಗೆದು ಬಿಟ್ಟುಹೋದ ನಮ್ಮ ಹಿಂದಿನ ಬೀದಿಯಲ್ಲಿ ಬೇಕಾದಷ್ಟು ಜಲ್ಲಿ ಇದೆ.

ಹೋದ ವರ್ಷ ಹೆಸರಘಟ್ಟದ ಆಚೆ ಮಣ್ಣುದಾರಿಯಲ್ಲಿ ಒಂದು ಪಂದ್ಯ ನಡೆಯಿತು. ಹೆಣ್ಣುಮಕ್ಕಳಲ್ಲಿ ಸಿಂಧು ಹನ್ನೊಂದನೆಯವಳಾಗಿ ಬಂದಳು. ಮನೆಗೆ ಬಂದವಳು ಊಟಕ್ಕೆ ಮೊದಲು ಚಕ್ರ ಬಿಚ್ಚಿ ಕೈಯಲ್ಲಿ ತೂಗಿ ನೋಡಿದಳು. ಕಾಲಿನದು ತಪ್ಪಿಲ್ಲ, ಚಕ್ರ ಭಾರ ಎಂದಳು. ಕುಣಿಯಲಾರದವರು ನೆಲ ಡೊಂಕು ಎನ್ನುತ್ತಾರೆ ಎಂದು ನಾನು ಹೇಳಿಯೇಬಿಟ್ಟೆ. ಅವಳು ಚಕ್ರವನ್ನು ಗೋಡೆಗೆ ಒರಗಿಸಿ ಊಟಕ್ಕೆ ಕೂತಳು. ಈ ವರ್ಷದ ಪಂದ್ಯಕ್ಕೆ ಮೊದಲು ಸಂಬಳದಲ್ಲಿ ಉಳಿಸಿ ಕಾರ್ಬನ್ ಚಕ್ರ ತಂದಳು. ಮೊದಲ ಐವರಲ್ಲಿ ಬರಬೇಕೆಂಬುದು ಅವಳ ಹಟ.

"ಕಾರ್ಬನ್ ಅಂದ್ರೆ ಏನೇ?" ಎಂದೆ.

"ಒಂಥರಾ ಇದ್ದಿಲು ಅಜ್ಜಿ. ಅದ್ರಲ್ಲಿ ದಾರ ಮಾಡಿ, ಬಟ್ಟೆ ತರ ನೇಯ್ದು, ಅಂಟು ಹಾಕಿ ಬೇಯಿಸ್ತಾರೆ."

"ಇದ್ಲಲ್ಲಿ ಹಲ್ಲುಜ್ಜಿದೀನಿ, ಇಸ್ತ್ರಿ ಹಾಕಿದೀನಿ. ಅದ್ರ ಮೇಲೆ ಸವಾರಿ ಮಾಡೋರ್ನ ಈಗ್ಲೇ ನೋಡ್ತಿರೋದು ಕಣೇ."

ಚಕ್ರವನ್ನು ನನ್ನ ಕೈಗೆ ಕೊಟ್ಟಳು. ಮೊರದಷ್ಟು ಹಗುರ. ತಿರುಗಿಸಿ ನೋಡಿದೆ, ತಟ್ಟಿ ನೋಡಿದೆ, ಒಳಗೆ ಏನೂ ಇಲ್ಲ. ನಮ್ಮ ಕಾಲದಲ್ಲಿ ಭಾರವೇ ಮರ್ಯಾದೆ. ಹಂಡೆಯನ್ನು ಇಬ್ಬರು ಎತ್ತಬೇಕು, ಒರಳುಕಲ್ಲನ್ನು ನಾಲ್ವರು. ಹೆಣ್ಣು ನೋಡಲು ಬಂದವರು ನನ್ನ ಮುಖ ನೋಡಿ ಒಪ್ಪಿದವರಲ್ಲ, ತೋಳು ನೋಡಿ ಒಪ್ಪಿದವರು. ಹಗುರ ಎಂಬುದು ಬೈಗುಳದಂತೆ: ಹಗುರವಾಗಿ ಮಾತಾಡಬೇಡ, ನಾಲ್ಕು ಜನರ ಮುಂದೆ ಹಗುರವಾಗಬೇಡ. ಈಗ ನೋಡಿದರೆ, ಎಷ್ಟು ಕಡಿಮೆ ಇದೆಯೋ ಅಷ್ಟು ಹೆಚ್ಚು ಬೆಲೆ. ಬೆಲೆ ಎಷ್ಟೆಂದು ನಾನು ಕೇಳಲಿಲ್ಲ. ರಾತ್ರಿ ನಿದ್ದೆ ಬೇಕಲ್ಲ.

ಆದರೆ ಚಕ್ರ ಕೂಡಿಸುವಾಗ ಅವಳ ಮುಖ ನೋಡಿದೆ. ಆ ಮುಖವನ್ನು ನಾನು ಮೊದಲೇ ನೋಡಿದ್ದೆ. ನನ್ನ ಅಪ್ಪನಿಗೆ ಎತ್ತಿನ ಗಾಡಿ ಇತ್ತು. ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕಿಸುವ ದಿನ ಕುಲುಮೆಯ ಮುಂದೆ ಅರ್ಧ ಊರು ಸೇರುತ್ತಿತ್ತು. ಬೆರಣಿ ಒಟ್ಟಿ, ಪಟ್ಟಿಯನ್ನು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಎತ್ತಿ ಚಕ್ರಕ್ಕೆ ತೊಡಿಸಿ, ತಣ್ಣೀರು ಸುರಿದರೆ ಪಟ್ಟಿ ಚುರ್ರೆಂದು ಕುಗ್ಗಿ ಮರವನ್ನು ಹಿಡಿದುಕೊಳ್ಳುತ್ತಿತ್ತು. ಆ ಹೊಗೆಯೊಳಗೆ ಅಪ್ಪ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಲ್ಲುತ್ತಿದ್ದ, ರಾಜನ ಹಾಗೆ. ಸಿಂಧು ನಡುಮನೆಯ ನೆಲದ ಮೇಲೆ ಕೂತು, ಟ್ಯೂಬೇ ಇಲ್ಲದ ಟೈರಿನೊಳಗೆ ಹಾಲಿನಂಥದ್ದೇನೋ ಸುರಿದು, ಗಾಳಿ ತುಂಬಿ, ಕೊನೆಗೆ ಎದ್ದು ಸೊಂಟದ ಮೇಲೆ ಕೈಯಿಟ್ಟಳು. ಮುತ್ತಜ್ಜನನ್ನು ಅವಳು ಕಂಡವಳಲ್ಲ. ನಿಲ್ಲುವ ರೀತಿ ಮಾತ್ರ ಬಂದಿದೆ.

ಹೊಸ ಚಕ್ರ ಅಂದ ಮೇಲೆ ಪೂಜೆ ಬೇಡವೇ? ಪಂದ್ಯ ಭಾನುವಾರ. ಶನಿವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ನಾನು ಕುಂಕುಮದ ಬಟ್ಟಲು ಹಿಡಿದು ಬಂದೆ. ಕಾರ್ಬನ್ನಿನ ಮೇಲೆ ಕುಂಕುಮ ನಿಲ್ಲುವುದೇ ಇಲ್ಲ, ಹಾಗೇ ಜಾರುತ್ತದೆ. ಎಳ್ಳೆಣ್ಣೆಯಲ್ಲಿ ಕಲಸಿದೆ. ಎಲ್ಲಿ ಇಡಬೇಕೆಂದು ನನಗೆ ಗೊತ್ತಿಲ್ಲವೇ? ಗಾಡಿಯ ಪೂಜೆ ಚಕ್ರದ ನಡುವಿಗೆ ಆಗಬೇಕು. ಅಪ್ಪ ಕೀಲೆಣ್ಣೆ ಹಾಕುತ್ತಿದ್ದದ್ದೂ ಅಲ್ಲಿಗೇ. ನೋಡಿದರೆ, ನಡುವಿನಲ್ಲಿ ಅಂಗೈಯಗಲದ ಉಕ್ಕಿನ ತಟ್ಟೆ, ತೂತುತೂತಾಗಿ, ಬೆಳ್ಳಿಯ ಹಾಗೆ ಹೊಳೆಯುತ್ತಿದೆ. ಪೂಜೆಗೆಂದೇ ಮಾಡಿಟ್ಟಂತಿತ್ತು. ಮುಂದಿನದಕ್ಕೆ ಮೂರು ಬೊಟ್ಟು, ಹಿಂದಿನದಕ್ಕೆ ಮೂರು ಬೊಟ್ಟು. ಉಳಿದದ್ದನ್ನು ವ್ಯರ್ಥ ಮಾಡುವುದೇಕೆಂದು ಸುತ್ತ ಸವರಿದೆ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ.

ಸಿಂಧು ಬಂದು ನಿಂಬೆಹಣ್ಣು ನೋಡಿ ನಕ್ಕಳು, ಬೊಟ್ಟಿನ ಕಡೆ ಕಣ್ಣು ಹಾಯಿಸದೆ ಅದರ ಮೇಲೆ ಹತ್ತಿಸಿ ಬೀದಿಗಿಳಿದಳು. ನಮ್ಮ ಬೀದಿ ದೊಡ್ಡ ರಸ್ತೆಯ ಕಡೆಗೆ ಇಳಿಜಾರು. ಮೊದಲು ಕಿರ್ರೋ ಎಂಬ ಸದ್ದು ಕೇಳಿತು, ಆಮೇಲೆ "ಸರೀರೀ, ಸರೀರೀ" ಎಂಬ ಅವಳ ಕೂಗು. ಹೂವಿನ ತಳ್ಳುಗಾಡಿಗೆ ಒಂದು ಮಾರು ದೂರದಲ್ಲಿ ಎರಡೂ ಕಾಲು ಉಜ್ಜಿ ನಿಂತಳು. ಸೈಕಲ್ಲು ತಳ್ಳಿಕೊಂಡು ವಾಪಸು ಬಂದಳು.

"ಅಜ್ಜಿ, ಡಿಸ್ಕ್ ಮೇಲೆ ಏನ್ ಹಾಕ್ದೆ?"

"ಕುಂಕುಮ."

"ಕುಂಕುಮದ್ ಜೊತೆ?"

"ಒಂಚೂರು ಎಳ್ಳೆಣ್ಣೆ."

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆ ತಟ್ಟೆಯೇ ಬ್ರೇಕಂತೆ. ಎರಡು ಸಣ್ಣ ಬಿಲ್ಲೆಗಳು ಅದನ್ನು ಎರಡೂ ಕಡೆಯಿಂದ ಅದುಮಿ ಚಕ್ರ ನಿಲ್ಲಿಸುತ್ತವಂತೆ. ಈಗ ಆ ಬಿಲ್ಲೆಗಳು ಎಣ್ಣೆ ಕುಡಿದಿವೆ. ಹಳೆಯ ಚಕ್ರ ಹಾಕಿದರೂ ಬಿಲ್ಲೆಗಳು ಅವೇ. ಅಂಗಡಿಗೆ ಫೋನು ಮಾಡಿದಳು. ಆ ಅಳತೆಯವು ಮಂಗಳವಾರ ಬರುತ್ತವೆ ಎಂದರು. ಪಂದ್ಯ ನಾಳೆ. ಬ್ರೇಕಿಲ್ಲದೆ ಇಳಿಜಾರಿನಲ್ಲಿ ಹೋಗಲಾಗದು.

ಅವಳು ಬೈದಿದ್ದರೆ ನಾನು ನಾಲ್ಕು ಬೈದು ಸರಿಮಾಡಿಕೊಳ್ಳುತ್ತಿದ್ದೆ. ಬೈಯಲಿಲ್ಲ. "ಹೋಗ್ಲಿ ಬಿಡು, ಮುಂದಿನ್ ವರ್ಷ ಹೋಗ್ತೀನಿ" ಎಂದಳು. ಅದು ನನಗೆ ಎಮ್ಮೆ ಒದ್ದಂತಾಯಿತು. ಕ್ಷಮಿಸು ಎಂದು ಹೇಳುವ ಅಭ್ಯಾಸ ನನಗಿಲ್ಲ. ತಪ್ಪು ಮಾಡಿದರೆ ಎದ್ದು ಕೆಲಸ ಮಾಡಬೇಕು.

"ಆ ಬಿಲ್ಲೆ ಬಿಚ್ಚಿ ಕೊಡೇ ಇಲ್ಲಿ."

"ಏನ್ ಮಾಡ್ತೀಯ?"

"ಎಣ್ಣೆ ಕುಡಿದ್ ಎಂಚಿಗೆ ಏನ್ ಮಾಡ್ತಾರೆ? ಸುಡ್ತಾರೆ."

ರೊಟ್ಟಿ ಬೇಯಿಸುವ ಹೆಂಚು ಎಣ್ಣೆ ಹೀರಿ ಜಿಡ್ಡುಗಟ್ಟಿದರೆ ಒಲೆಯ ಮೇಲೆ ಹೊಗೆ ಹೋಗುವವರೆಗೂ ಸುಟ್ಟು, ಇಟ್ಟಿಗೆಯಲ್ಲಿ ಉಜ್ಜುತ್ತೇವೆ. ಯಾರೂ ಎಸೆಯುವುದಿಲ್ಲ. ಸಿಂಧು ಅನುಮಾನದಿಂದ ಫೋನಿನಲ್ಲಿ ಏನೋ ಹುಡುಕಿದಳು. ನನ್ನನ್ನು ನೋಡಿದಳು. ಮತ್ತೆ ಫೋನು ನೋಡಿದಳು. "ಹೌದಂತೆ ಅಜ್ಜಿ, ಎಷ್ಟೋ ಜನ ಹೀಗೇ ಮಾಡ್ತಾರಂತೆ" ಎಂದಳು. ಎಷ್ಟೋ ಜನ ಮಾಡಿದ ಮೇಲೆಯೇ ನನ್ನ ಮಾತಿಗೆ ಬೆಲೆ ಬಂದದ್ದು.

ಬಿಲ್ಲೆಗಳನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಸಣ್ಣ ಉರಿಗೆ ಒಡ್ಡಿದೆ. ಕಿಟಕಿ ತೆರೆದರೂ ಅಡುಗೆಮನೆ ಕಮಟು ಹೊಗೆಯಿಂದ ತುಂಬಿತು. ಹೊಗೆ ನಿಂತ ಮೇಲೆ ತಣಿಸಿ, ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಒಣಗಿದ ಮೂಲೆಯಲ್ಲಿ, ಮೇಲಿನ ಪದರ ಹೋಗುವವರೆಗೂ ಸಮನಾಗಿ ತೇಯ್ದೆ, ಗಂಧ ತೇಯುವ ಹಾಗೆ. ತಟ್ಟೆಗೆ ಸೋಪು ಬೇಡ, ಸ್ಪಿರಿಟ್ ಬೇಕು ಎಂದಳು ಸಿಂಧು. ನನಗೆ ಸಕ್ಕರೆ ಕಾಯಿಲೆ. ದಿನಾ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವ ಮೊದಲು ಒರೆಸಿಕೊಳ್ಳಲು ಸ್ಪಿರಿಟ್ಟಿನಲ್ಲಿ ನೆನೆಸಿದ ಬಟ್ಟೆಯ ಸಣ್ಣ ಪೊಟ್ಟಣಗಳು ಪೆಟ್ಟಿಗೆಗಟ್ಟಲೆ ಇವೆ. ಒರೆಸಿದ ಬಟ್ಟೆ ಕೆಂಪಾಗುವುದು ನಿಲ್ಲುವವರೆಗೂ ಒರೆಸಿದೆವು. ಎರಡು ವಾರದ ಪೊಟ್ಟಣ ಮುಗಿಯಿತು.

ಸಾಯಂಕಾಲ ಬೀದಿಯಲ್ಲಿ ಪರೀಕ್ಷೆ. ಓಡಿಸು, ಹಿಡಿ, ಓಡಿಸು, ಹಿಡಿ. ಮೊದಮೊದಲು ಕಿರುಗುಟ್ಟಿತು, ಆಮೇಲೆ ಬಾಯಿ ಮುಚ್ಚಿತು. ಆದರೂ ಅವಳಿಗೆ ಧೈರ್ಯ ಸಾಲದು. ಇಳಿಜಾರಿನ ಮೇಲಿಂದಲೇ ಬ್ರೇಕು ಹಿಡಿಯುತ್ತಿದ್ದಳು. ನಾನು ಹೋಗಿ ಇಳಿಜಾರಿನ ಕೊನೆಗೆ, ಬೀದಿಯ ನಡುವೆ ನಿಂತೆ.

"ಅಜ್ಜಿ, ಪಕ್ಕಕ್ಕೆ ಹೋಗು!"

"ನೀನು ನಿಲ್ಸು. ನಾನ್ಯಾಕೆ ಓಗ್ಲಿ?"

"ನಿಲ್ಲದೇ ಹೋದ್ರೆ?"

"ತಪ್ಪು ನಂದು ತಾನೆ? ಏಟೂ ನಂಗೇ ಬೀಳ್ಲಿ. ಬಾ."

ಬಂದಳು. ಚೆನ್ನಾಗಿಯೇ ವೇಗವಾಗಿ ಬಂದಳು. ಹೆದರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಲ್ಲೇ ನಿಂತೆ. ಚಕ್ರ ನನ್ನ ಚಪ್ಪಲಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಸದ್ದಿಲ್ಲದೆ, ಗೋಡೆ ಹಿಡಿದಂತೆ.

"ಆಯ್ತು, ಓಗು ಉಣ್ಣೋಗು" ಎಂದೆ.

ಭಾನುವಾರ ನನ್ನ ಮಗ, ಸಿಂಧುವಿನ ಅಪ್ಪ, ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದ. ಹುಲ್ಲುಗಾವಲಿನ ಆಚೆ ಹಗ್ಗ ಕಟ್ಟಿ ಜನ ನಿಂತಿದ್ದರು. ಕೊನೆಯ ಇಳಿಜಾರು ತಿರುವಿಗೆ ಬಂದು ಮುಗಿಯುತ್ತದೆ. ಅಲ್ಲಿ ಎಲ್ಲರೂ ದೂರದಿಂದಲೇ ಬ್ರೇಕು ಹಿಡಿದು ಕೀಚಲು ಸದ್ದು ಮಾಡುತ್ತ ಇಳಿಯುತ್ತಿದ್ದರು. ಸಿಂಧು ಗಾಳಿಯಂತೆ ಬಂದು ತಿರುವಿನ ಬಾಯಲ್ಲಿ ಒಮ್ಮೆ ಹಿಡಿದಳು, ಬಿಟ್ಟಳು, ಅಷ್ಟೇ. ನನ್ನ ಕಣ್ಣೆದುರೇ ಮುಂದಿದ್ದ ಇಬ್ಬರನ್ನು ದಾಟಿದಳು. ಬ್ರೇಕಿನ ಮೇಲೆ ನಂಬಿಕೆ ಇದ್ದವಳೇ ಜೋರಾಗಿ ಹೋಗಬಲ್ಲಳು ಎಂದು ನನಗೆ ಅಲ್ಲಿ ತಿಳಿಯಿತು. ಸಂಸಾರದಲ್ಲೂ ಹಾಗೆಯೇ ಇರಬಹುದು, ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೆಣ್ಣುಮಕ್ಕಳಲ್ಲಿ ಮೂರನೆಯವಳಾಗಿ ಬಂದಳು. ಮೊದಲಿಬ್ಬರು ಯಾರೆಂದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ, ನಾನು ಹೇಳಿಲ್ಲ.

ಅವಳ ಜೊತೆಯವನೊಬ್ಬ ಹೆಲ್ಮೆಟ್ಟು ತೆಗೆದು ಬಂದ. "ಏನ್ ಗುರು, ನಿನ್ ಬ್ರೇಕ್ ಒಂಚೂರೂ ಸೌಂಡಿಲ್ಲ? ಯಾವ್ ಶಾಪಲ್ ಮಾಡಿಸ್ದೆ?"

"ಶಾಪೂ ಇಲ್ಲ ಏನೂ ಇಲ್ಲ ಮಗಾ. ನಮ್ಮಜ್ಜಿ" ಎಂದು ಸಿಂಧು ನನ್ನ ಕಡೆ ಕೈ ತೋರಿಸಿದಳು. ಎಪ್ಪತ್ತು ದಾಟಿದವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತೆ.

ಹುಡುಗ ತನ್ನ ಸೈಕಲ್ಲು ತಳ್ಳಿಕೊಂಡು ಹತ್ತಿರ ಬಂದ. "ನಂದೂ ಹೋದ್ ವಾರದಿಂದ ಕಿರುಚ್ತಾ ಇದೆ ಅಜ್ಜಿ. ಏನಾಗಿದೆ ಅಂತ ಒಂಚೂರ್ ನೋಡ್ತೀರಾ?"

ನಾನು ಬಗ್ಗಿ ತಟ್ಟೆ ನೋಡಿದೆ, ಒಂದು ಬೆರಳಿನಲ್ಲಿ ಸವರಿದೆ, ಬೆರಳನ್ನು ಮೂಸಿದೆ: ಎಣ್ಣೆಯ ವಾಸನೆ.

"ಮನೇಲಿ ನಿಮ್ಮಜ್ಜಿ ಅವ್ರೇನಪ್ಪ?"

"ಇದಾರೆ. ಯಾಕೆ?"

"ಅಂಗಾರೆ ಮೊದ್ಲು ಅವ್ರನ್ನ ಕೇಳ್ಕೊಂಡ್ ಬಾ" ಎಂದೆ.