ಬೀಸುಕಲ್ಲು ಹೋಗಿ ಪೇಟಿ ಬಂತು

ನಲವತ್ತಮೂರನೆಯ ವಯಸ್ಸಿನಲ್ಲಿ ನಾನು ಪೇಟಿ ಕಲಿಯಲು ಕೂತೆ. ತಿಳಿದವರು ಹಾರ್ಮೋನಿಯಂ ಎನ್ನುತ್ತಾರೆ, ನಮ್ಮ ಇಳಕಲ್ಲಿನಲ್ಲಿ ಅದು ಬರೀ ಪೇಟಿ. ಆ ವಯಸ್ಸಿಗೆ ನಮ್ಮ ಓಣಿಯ ಗಂಡಸರು ಮಗಳಿಗೆ ವರ ನೋಡುತ್ತಿದ್ದರು, ಇಲ್ಲವೇ ಹಲ್ಲು ಕೀಳಿಸಿಕೊಳ್ಳುತ್ತಿದ್ದರು. ನಾನು ಮಾತ್ರ ಸಾ ಎಲ್ಲಿದೆ ಎಂದು ಹುಡುಕುತ್ತಿದ್ದೆ. ಕೇಳಿದವರಿಗೆಲ್ಲ ಚಿಕ್ಕಂದಿನಿಂದಲೂ ಸಂಗೀತದ ಹುಚ್ಚು ಎಂದು ಹೇಳಿದೆ. ಶುದ್ಧ ಸುಳ್ಳು. ನಾನು ಪೇಟಿ ಹಿಡಿದದ್ದು ಒಂದು ಬೀಸುಕಲ್ಲಿನ ದೆಸೆಯಿಂದ.

ಏಕೀಕರಣವಾದ ಹೊಸದು. ನಮ್ಮ ಓಣಿಯ ತುದಿಗೆ ಎಂಜಿನ್ ಮೇಲೆ ನಡೆಯುವ ಹಿಟ್ಟಿನ ಗಿರಣಿ ಬಂತು. ನಾನು ಸಾಲಿ ಮಾಸ್ತರ, ಸುಮ್ಮನಿರಲು ಸಾಧ್ಯವೇ? ಕಟ್ಟೆಯ ಮೇಲೆ ನಿಂತು ಗಿರಣಿಯ ಮೇಲೊಂದು ಭಾಷಣ ಮಾಡಿದೆ. ಹೆಣ್ಣುಮಕ್ಕಳ ತೋಳಿಗೆ ಸ್ವಾತಂತ್ರ್ಯ ಬಂತು ಎಂದೂ ಹೇಳಿದಂತೆ ನೆನಪು. ಹೇಳಿ ಮನೆಗೆ ಬಂದು ಅವ್ವನ ಬೀಸುಕಲ್ಲನ್ನು ಎತ್ತಿಸಿದೆ. ಎತ್ತುವವರ ಕೈ ಜಾರಿ ಮೇಲಿನ ಕಲ್ಲು ಅಂಗಳಕ್ಕೆ ಬಿದ್ದು ಎರಡು ಹೋಳಾಯಿತು. ಅವ್ವ ಹೋಳುಗಳನ್ನು ನೋಡಿ, "ಹೋಗ್ಲಿ ಬಿಡು, ಅದಕ್ಕೂ ವಯಸ್ಸಾಗಿತ್ತು" ಎಂದಳು. ಅವಳ ತೋಳು ನೋಯುತ್ತದೆ ಎಂದು ನಾನು ಊರಿಗೆಲ್ಲ ಹೇಳಿಕೊಂಡಿದ್ದೆ. ಖರೆ ಹೇಳಬೇಕೆಂದರೆ, ಬೆಳಗಿನ ಜಾವ ಅವಳು ಬೀಸುತ್ತಾ ಹಾಡಿದರೆ ನನ್ನ ನಿದ್ದೆ ಕೆಡುತ್ತಿತ್ತು.

ಕಲ್ಲು ಹೋಯಿತು, ಜೊತೆಗೆ ಹಾಡೂ ಹೋಯಿತು. ನಾಲ್ಕೈದು ತಿಂಗಳು ನಾನು ಹಾಯಾಗಿ ಮಲಗಿದೆ. ಆಮೇಲೆ ಒಂದು ಮುಂಜಾನೆ ಎಚ್ಚರವಾಗಿ, ಏನೋ ಇಲ್ಲವಲ್ಲ ಎನಿಸಿತು. ನಲವತ್ತು ವರ್ಷ ಕೇಳಿದ ಹಾಡು. ಅದರ ಒಂದು ಸಾಲೂ ನನಗೆ ಬರುವುದಿಲ್ಲ ಎಂಬುದು ಆಗ ತಿಳಿಯಿತು. ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸಿ, ತಪ್ಪಿದವರ ಕಿವಿ ಹಿಂಡುವ ಮಾಸ್ತರ ನಾನು!

"ಅವ್ವಾ, ಒಮ್ಮೆ ಹಾಡು" ಎಂದೆ.

"ಕೈ ಖಾಲಿ ಇದ್ರ ಬಾಯಿಗೆ ಹಾಡ ಬರೂದಿಲ್ಲೋ ತಮ್ಮಾ" ಎಂದಳು.

ಬುದ್ಧಿ ಇದ್ದವನು ಮರುದಿನವೇ ಒಂದು ಹೊಸ ಬೀಸುಕಲ್ಲು ತರುತ್ತಿದ್ದ. ನನಗೆ ಬುದ್ಧಿಗಿಂತ ಮರ್ಯಾದೆ ಹೆಚ್ಚಿತ್ತು. ಇಡೀ ಓಣಿಗೆ ಗಿರಣಿಯ ಉಪದೇಶ ಮಾಡಿದವನು ಕಲ್ಲು ಹೊತ್ತು ತಂದರೆ ಜನ ಏನಂದಾರು? ಪೇಟಿ ತಂದರೆ ರಸಿಕ ಎನ್ನುತ್ತಾರೆ. ನಾನು ಸುರ ಹಿಡಿದು ಕೂತರೆ ಅವ್ವ ತಾನಾಗಿ ಹಾಡಿಯಾಳು, ನಾನು ಬರೆದುಕೊಂಡೇನು ಎಂದು ಲೆಕ್ಕ ಹಾಕಿದೆ.

ಗುರು ಸಿಕ್ಕಿದ್ದು ಅಮೀನಗಡದಲ್ಲಿ. ನಾಟಕ ಕಂಪನಿಗಳಲ್ಲಿ ಮೂವತ್ತು ವರ್ಷ ಪೇಟಿ ಬಾರಿಸಿ, ಮನೆಯಲ್ಲಿ ಕೂತಿದ್ದ ಮುಸಲ್ಮಾನ ಹಿರಿಯರು. ಪ್ರತಿ ರವಿವಾರ ಮುಂಜಾನೆ ಹುನಗುಂದದ ಮೇಲೆ ಹೋಗುವ ಬಸ್ಸು ಹತ್ತಿ, ಸ್ಟ್ಯಾಂಡಿನ ಅಂಗಡಿಯಲ್ಲಿ ಕರದಂಟು ಕಟ್ಟಿಸಿಕೊಂಡು ಅವರ ಮನೆಗೆ ಹೋಗುತ್ತಿದ್ದೆ. ಅವರ ಬಾಯಲ್ಲಿ ಎರಡೇ ಹಲ್ಲು. ಕರದಂಟಿನ ತುಂಡನ್ನು ದವಡೆಗಿಟ್ಟುಕೊಂಡು ಪಾಠ ಮುಗಿಯುವತನಕ ಚೀಪುತ್ತಿದ್ದರು. ಹೀಗಾಗಿ ನನ್ನ ತಪ್ಪುಗಳನ್ನು ಬಾಯಿಂದ ಹೇಳದೆ, ಬೆರಳ ಗೆಣ್ಣಿಗೆ ಹೊಡೆದು ತಿಳಿಸುತ್ತಿದ್ದರು. ಇಪ್ಪತ್ತು ವರ್ಷ ಮಕ್ಕಳ ಗೆಣ್ಣಿಗೆ ಕೋಲು ಬಿಟ್ಟ ನನಗೆ ಅದರ ರುಚಿ ಗೊತ್ತಾದದ್ದು ಅಲ್ಲಿಯೇ.

"ಮಾಸ್ತರ್ರ, ಬೆರಳು ಮೆತ್ತಗ ಇಡ್ರಿ. ಅದೇನು ಬೋರ್ಡಿನ ಮ್ಯಾಲೆ ಬರ್ಯೂ ಖಡು ಅಲ್ಲ" ಎಂದು ಕರದಂಟು ಕರಗಿದ ಮೇಲೆ ಹೇಳುತ್ತಿದ್ದರು.

ಹೇಗೋ ಎರಡು ವರ್ಷ ಕಳೆಯಿತು. ಮನೆಯಲ್ಲಿ ನಾನು ಪಡಸಾಲೆಗೆ ಪೇಟಿ ತಂದಿಟ್ಟರೆ ಹೆಂಡತಿ ಕೊಡ ಎತ್ತಿಕೊಂಡು, ತುಂಬಿದ ಹಂಡೆಗೆ ಮತ್ತೆ ನೀರು ತರಲು ಹೋಗುತ್ತಿದ್ದಳು. ಪಕ್ಕದ ಮನೆಯ ನೇಕಾರ ಒಂದು ದಿನ ಕೈ ಮುಗಿದುಕೊಂಡೇ ಬಂದ. "ಮಾಸ್ತರ್ರ, ತಪ್ಪ ತಿಳ್ಕೋಬ್ಯಾಡ್ರಿ. ನೀವು ಬಾರ್ಸಾಕ ಹತ್ತಿದ್ರ ನನ್ನ ಕಾಲು ಮಗ್ಗದಾಗ ತಪ್ಪತಾವ್ರಿ. ನಿನ್ನಿ ಸೆರಗ ಕೆಟ್ಟ ಹೋತು." ಅವನಿಗೆ ಕಲೆಯ ಗಂಧ ಇಲ್ಲ ಎಂದು ನಾನು ಮರುಗಿದೆ. ಆತ ನೇಯುತ್ತಿದ್ದ ಸೀರೆಯನ್ನು ಉಡಲು ಪುಣೆಯವರೆಗೂ ಹೆಂಗಸರು ಕಾಯುತ್ತಿದ್ದರು. ನನ್ನ ಪೇಟಿಗೆ ಓಣಿಯ ನಾಯಿ ಕೂಡ ನಿಲ್ಲುತ್ತಿರಲಿಲ್ಲ.

ಕೊನೆಗೆ ಗುರುಗಳು ಕಂಪನಿಯ ಗುಟ್ಟೊಂದನ್ನು ಹೇಳಿಕೊಟ್ಟರು. "ಹಾಡಾಂವ ಒಂದು ನುಡಿ ಮುಗಿಸಿ ಉಸುರು ತಗೋತಾನ. ಅಷ್ಟರಾಗ ಮಂದಿ ಬೀಡಿ ಸೇದಾಕ ಏಳಬಾರ್ದು. ಆ ಖಾಲಿ ಜಾಗಾ ನಿಮ್ಮದು, ತುಂಬಸ್ರಿ." ಮೂರು ತಿಂಗಳು ಅದನ್ನೇ ತಿದ್ದಿದೆ. ಸಾದಿಂದ ಮೇಲಕ್ಕೆ ಓಡಿ, ಸುತ್ತು ಹಾಕಿ, ಮತ್ತೆ ಸಾ ಮೇಲೆ ಬಂದು ಬೀಳುವ ಒಂದು ತುಣುಕು. ಅದೊಂದನ್ನು ಮಾತ್ರ ನಾನು ನಿಜವಾಗಿಯೂ ಚೆನ್ನಾಗಿ ಬಾರಿಸುತ್ತಿದ್ದೆ.

ಅದಾಗಿ ಒಂದು ಮಧ್ಯಾಹ್ನ. ಅವ್ವ ಪಡಸಾಲೆಯಲ್ಲಿ ಗಿರಣಿಗೆ ಒಯ್ಯುವ ಜೋಳ ಹಸನು ಮಾಡುತ್ತಾ ಮೊರ ಹಿಡಿದು ಕೂತಿದ್ದಳು. ನಾನು ಸಾ ಹಿಡಿದೆ. ಮುಂದೇನು ಬಾರಿಸಬೇಕು ಎನ್ನುವುದು ಮರೆತುಹೋಗಿ, ಆ ಒಂದೇ ಪಟ್ಟಿಯನ್ನು ಒತ್ತಿಕೊಂಡು ಸುಮ್ಮನೆ ಗಾಳಿ ಹಾಕುತ್ತಾ ಉಳಿದೆ. ಹಾಗೆ ಎಷ್ಟು ಹೊತ್ತು ಕಳೆಯಿತೋ, ಅವ್ವನ ಮೈ ಸಣ್ಣಗೆ ಮುಂದಕ್ಕೂ ಹಿಂದಕ್ಕೂ ತೂಗತೊಡಗಿತು. ಕೈ ಮೊರದ ಜೋಳದಲ್ಲಿ ಸುತ್ತು ತಿರುಗಿತು. ಅವಳು ಹಾಡತೊಡಗಿದಳು.

ಪಂಚಮಿಗೆ ಕರೆಯಲು ಬಾರದ ಅಣ್ಣನನ್ನು ತಂಗಿಯೊಬ್ಬಳು ಬೈಯುವ ಹಾಡು ಅದು. ಬೈಯುತ್ತಾಳೆ, ಬೈಯುತ್ತಲೇ ಅವನ ದಾರಿ ನೋಡುತ್ತಾಳೆ. ನನ್ನ ಹೆಂಡತಿ ಅಡಿಗೆಮನೆಯ ಬಾಗಿಲಿಗೆ ಬಂದು, ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ ನಿಂತಳು. ಅಂಥ ಸಂತೋಷ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ.

ಮೊದಲ ನುಡಿ ಮುಗಿಯಿತು. ಅವ್ವ ನಿಲ್ಲಿಸಿದಳು. ಜೋಳದಲ್ಲಿ ಕೈಯಿಟ್ಟು ಒಂದು ಮುಷ್ಟಿ ಎತ್ತಿ, ಹಾಗೇ ಹಿಡಿದಳು. ಖಾಲಿ ಜಾಗ ಸಿಕ್ಕಿತು ನೋಡಿ ನನಗೆ! ಕಣ್ಣು ಮುಚ್ಚಿ, ಕುತ್ತಿಗೆ ಓರೆ ಮಾಡಿ, ಮೂರು ತಿಂಗಳು ತಿದ್ದಿದ್ದನ್ನೆಲ್ಲ ಅಲ್ಲಿ ಸುರಿದೆ. ಒಮ್ಮೆ ಸಾಲದೆಂದು ಎರಡು ಸಲ ಬಾರಿಸಿದೆ.

ಕಣ್ಣು ತೆರೆದಾಗ ಅವ್ವ ಮುಷ್ಟಿಯ ಕಾಳನ್ನು ಮೊರಕ್ಕೆ ಬಿಟ್ಟಿದ್ದಳು.

"ಛಲೋ ಬಾರಸ್ತೀಯೋ" ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ನಾನದನ್ನು ಹೊಗಳಿಕೆ ಎಂದುಕೊಂಡೆ. ನೇಕಾರನ ಮನೆಗೆ ಹೋಗಿ ಹೇಳಿಯೂ ಬಂದೆ. ತಿರುಗಿ ಬಂದಾಗ ಹೆಂಡತಿ ನನ್ನ ಮುಖ ನೋಡದೆ ರೊಟ್ಟಿ ಬಡಿಯುತ್ತಿದ್ದಳು.

"ಅತ್ತಿ ನುಡಿ ಮುಗಿಸಿ ಕಲ್ಲಿಗೆ ಕಾಳು ಹಾಕೂ ಹೊತ್ತರಿ ಅದು. ಕಾಳು ಹಾಕಿ, ಮತ್ತ ಶುರು ಮಾಡ್ತಾರ. ನೀವ್ಯಾಕ ನಡಬರಕ ಬಾಯಿ ಹಾಕಿದ್ರಿ? ಇಷ್ಟು ವರ್ಷ ಒಂದೇ ಮನ್ಯಾಗ ಇದ್ದು, ಅದೂ ಗೊತ್ತಿಲ್ಲೇನ್ರಿ ನಿಮಗ?"

ಗೊತ್ತಿರಲಿಲ್ಲ. ಮರುದಿನದಿಂದ ನಾನು ಬರೀ ಸಾ ಹಿಡಿದು ಕೂತೆ. ಅವ್ವ ಮೊರ ತೆಗೆದುಕೊಂಡು ಪಕ್ಕದ ಮನೆಯ ಕಟ್ಟೆಗೆ ಹೋಗಿ ಕೂತಳು. ಸಿಟ್ಟು ಮಾಡಲಿಲ್ಲ, ಕೇಳಿದರೆ ನಗುತ್ತಿದ್ದಳು. "ನೀ ಬಾರ್ಸೋ, ನಾ ಇಲ್ಲಿಂದ ಕೇಳ್ತೇನಿ" ಎನ್ನುತ್ತಿದ್ದಳು. ಆಮೇಲೆ ಒಂಬತ್ತು ವರ್ಷ ಬದುಕಿದಳು. ಆ ಹಾಡಿನ ಮೊದಲ ನುಡಿ ನನಗೆ ಈಗಲೂ ಅಕ್ಷರ ತಪ್ಪದೆ ಬರುತ್ತದೆ. ಅಣ್ಣ ಬಂದನೋ ಇಲ್ಲವೋ, ನನಗೆ ಗೊತ್ತಿಲ್ಲ.