ಧನ್ಯವಾದ ಹೇಳಿದ ಖಾಲಿ ಫಾರಂ

ಪರೀಕ್ಷಿಸಲು ಯಾವ ವೆಬ್‌ಸೈಟ್ ಕೈಗೆ ಕೊಟ್ಟರೂ ನಾನು ಮೊದಲು ಬ್ರೌಸರಿನ ಸೆಟ್ಟಿಂಗ್ಸ್‌ಗೆ ಹೋಗಿ ಸ್ಕ್ರಿಪ್ಟ್ ಆಫ್ ಮಾಡುತ್ತಿದ್ದೆ. ಪಟ್ಟಿ ಜಾರಿ ಬೀಳುವುದು, ಚಿತ್ರ ಸರಿಯುವುದು, ತುಂಬದೆ ಬಿಟ್ಟ ಖಾನೆ ಕೆಂಪಾಗುವುದು, ಎಲ್ಲ ಆ ಸ್ಕ್ರಿಪ್ಟಿನ ಆಟ. ಆಟ ನಿಲ್ಲಿಸಿದ ಮೇಲೆ ಏನು ಉಳಿಯುತ್ತದೋ ಅದನ್ನು ನೋಡಬೇಕು ನನಗೆ. ಮಸ್ಕತ್‌ನ ರೂವಿಯಲ್ಲಿದ್ದ ನಮ್ಮ ಆಫೀಸಿನಲ್ಲಿ ಇದಕ್ಕೆ ನನ್ನನ್ನು ‘ಫ್ಯೂಸ್ ಕೀಳೋ ಮೇಡಂ’ ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಎಂದು ನಾನೂ ಕೀಳುತ್ತಲೇ ಇದ್ದೆ.

ಎಣ್ಣೆಯ ಬೆಲೆ ನೆಲ ಕಚ್ಚಿದ ಕಾಲ ಅದು. ಎಣ್ಣೆ ಬಾವಿಗಳಲ್ಲಿ ಗುತ್ತಿಗೆ ಹಿಡಿದಿದ್ದ ಒಂದು ಕಂಪನಿ ಕೆಲಸಗಾರರನ್ನು ಊರಿಗೆ ಕಳಿಸಲು ತೊಡಗಿತ್ತು. ವಾಪಸ್ ಟಿಕೆಟ್‌ಗೆ ಅವರು ಹೆಸರು ನೋಂದಾಯಿಸಲು ಒಂದು ಸೈಟ್ ಮಾಡಿಕೊಡಿ ಎಂದು ನಮ್ಮನ್ನು ಕೇಳಿತು. ನಮ್ಮಲ್ಲೂ ಆಗಲೇ ಮೂರು ಮೇಜು ಖಾಲಿಯಾಗಿದ್ದವು. ನನ್ನ ಗಂಡನ ಕೆಲಸ ಹೋಗಿ ಎರಡು ತಿಂಗಳು. ಮನೆ, ಮಗಳ ಸ್ಕೂಲು ಎಲ್ಲ ನನ್ನೊಬ್ಬಳ ಕೆಲಸದ ಮೇಲೆ ನಿಂತಿದ್ದವು.

ಸೈಟ್ ಪರೀಕ್ಷೆಗೆ ಬಂತು. ಸ್ಕ್ರಿಪ್ಟ್ ಆಫ್ ಮಾಡಿ, ಪಾಸ್‌ಪೋರ್ಟ್ ನಂಬರ್ ತುಂಬದೆ ‘ಕಳುಹಿಸಿ’ ಒತ್ತಿದೆ. ‘ಧನ್ಯವಾದ, ನಿಮ್ಮ ಹೆಸರು ನೋಂದಣಿಯಾಗಿದೆ’ ಎಂದಿತು. ನೋಂದಣಿಯಾದವರ ಒಳಗಿನ ಪಟ್ಟಿ ತೆಗೆದು ನೋಡಿದರೆ ಹೆಸರೇ ಇಲ್ಲ. ಇನ್ನೊಮ್ಮೆ ಮಾಡಿದೆ. ಮತ್ತೆ ಧನ್ಯವಾದ, ಮತ್ತೆ ಇಲ್ಲ. ಖಾನೆ ಬಿಟ್ಟಿದ್ದೀರಿ ಎಂದು ಎಚ್ಚರಿಸುತ್ತಿದ್ದದ್ದು ಸ್ಕ್ರಿಪ್ಟ್ ಒಂದೇ. ಅದಿಲ್ಲದಿದ್ದರೆ ಸೈಟ್ ಅರ್ಜಿಯನ್ನು ಕಸಕ್ಕೆ ಹಾಕಿ ಕೈಮುಗಿಯುತ್ತಿತ್ತು. ಟಿಕೆಟ್ ಬರುತ್ತದೆಂದು ಕಾಯುತ್ತಾ ಕೂರುವವನ ಗತಿಯೇನು? ಮೈಯೆಲ್ಲ ಉರಿದುಹೋಯಿತು.

ಹೋಗಿ ಮ್ಯಾನೇಜರ್‌ಗೆ ಹೇಳಿದೆ. ಅವರು ಮಂಗಳೂರಿನ ಕಡೆಯವರು. “ಎಂತ ಮಾರಾಯ್ರೆ ನಿಮ್ದು? ಲೋಕದಲ್ಲಿ ಯಾರು ಸ್ಕ್ರಿಪ್ಟ್ ಆಫ್ ಮಾಡ್ತಾರೆ? ನಾಳೆ ಕ್ಲೈಂಟ್ ಬರ್ತಾರೆ. ಸೈಟ್ ಸರಿ ಉಂಟು ಅಂತ ಸೈನ್ ಹಾಕಿ, ಖಲಾಸ್.”

“ನಮ್ಮ ಬಿಲ್ಡಿಂಗ್ ಕೆಳಗಿನ ಸೈಬರ್ ಕೆಫೆಯಲ್ಲಿ ಮಾಡ್ತಾರೆ ಸರ್,” ಎಂದೆ. ನಮ್ಮ ಮನೆ ವಾದಿ ಅದಾಯ್ ಬಡಾವಣೆಯಲ್ಲಿತ್ತು. ಆ ಕೆಫೆಯ ಮಾಲೀಕರು, ಹಳೆಯ ಕಂಪ್ಯೂಟರುಗಳು ತಡೆಯುವುದಿಲ್ಲವೆಂದು ಎಲ್ಲದರಲ್ಲೂ ಸ್ಕ್ರಿಪ್ಟ್ ಆಫ್ ಮಾಡಿಟ್ಟಿದ್ದರು. ಪ್ರಿಂಟ್ ತೆಗೆಸಲು ಹೋದಾಗ ನಾನೇ ಕಂಡಿದ್ದೆ. ರಜೆಯ ಶುಕ್ರವಾರ ಬಂತೆಂದರೆ ಅಲ್ಲಿ ಕೆಲಸಗಾರರ ಸಾಲು.

“ಅದೆಲ್ಲ ಆಮೇಲೆ ನೋಡುವ. ಸಮಯ ಸರಿ ಇಲ್ಲ, ಗೊತ್ತುಂಟಲ್ಲ?”

ಗೊತ್ತಿತ್ತು. ಹೆದರಿಕೆಯೂ ಆಗಿತ್ತು. ಆದರೂ ಸೈನ್ ಹಾಕಲಿಲ್ಲ.

ಮರುದಿನ ಗುತ್ತಿಗೆ ಕಂಪನಿಯ ಒಮಾನಿ ಅಧಿಕಾರಿ ಬಂದರು. ಖಾವಾ ಕಾಫಿ, ಖರ್ಜೂರ ಮುಗಿಯಿತು. ಮ್ಯಾನೇಜರ್ ತೋರಿಸಿದಾಗ ಸೈಟ್ ಚೆನ್ನಾಗಿಯೇ ಕುಣಿಯಿತು. ನಾನು ಎದ್ದು ಹೋಗಿ ಸ್ಕ್ರಿಪ್ಟ್ ಆಫ್ ಮಾಡಿ, ಕೀಬೋರ್ಡನ್ನು ಅಧಿಕಾರಿಯ ಕಡೆ ತಳ್ಳಿದೆ. ಅವರು ತಮ್ಮ ಹೆಸರನ್ನಷ್ಟೇ ಹೊಡೆದು ಒತ್ತಿದರು. ಧನ್ಯವಾದ ಬಂತು. ಒಳಗಿನ ಪಟ್ಟಿ ತೆರೆದು ತೋರಿಸಿದೆ. ಅವರು ತಮ್ಮ ಹೆಸರನ್ನು ಮೇಲಿಂದ ಕೆಳಗೆ ಎರಡು ಸಲ ಹುಡುಕಿ, “ಇದು ಸರಿಯಾಗುವವರೆಗೆ ಬೇಡ,” ಎಂದರು. ಮ್ಯಾನೇಜರ್ ನನ್ನ ಮುಖ ನೋಡಲಿಲ್ಲ.

ಮೂರು ದಿನದಲ್ಲಿ ಸರಿಯಾಯಿತು. ಮುಂದಿನ ತಿಂಗಳು ಖಾಲಿಯಾದ ನಾಲ್ಕನೆಯ ಮೇಜು ನನ್ನದು. ‘ಮಾರುಕಟ್ಟೆಯ ಪರಿಸ್ಥಿತಿ’ ಎಂದು ಪತ್ರದಲ್ಲಿತ್ತು. ಮಾರುಕಟ್ಟೆಯಂತೆ! ಮನೆಗೆ ಬಂದು ಅತ್ತದ್ದು ನಿಜ. ಆದರೆ ಮಾಡಿದ್ದಕ್ಕಾಗಿ ಅಳಲಿಲ್ಲ.

ಮಸ್ಕತ್ ಬಿಡುವ ಮುಂಚೆ ಮಗಳ ಟಿ.ಸಿ. ಜೆರಾಕ್ಸ್ ಮಾಡಿಸಲು ಅದೇ ಕೆಫೆಗೆ ಹೋದೆ. ಕೆಲಸದ ನೀಲಿ ಉಡುಪು ಡಾಂಗ್ರಿ ತೊಟ್ಟ ನಡುವಯಸ್ಸಿನವರೊಬ್ಬರು ನಮ್ಮ ಫಾರಂ ತುಂಬುತ್ತಿದ್ದರು. ಒತ್ತಿದರು. ‘ಪಾಸ್‌ಪೋರ್ಟ್ ನಂಬರ್ ಬರೆದಿಲ್ಲ. ನಿಮ್ಮ ಹೆಸರು ಇನ್ನೂ ನೋಂದಣಿಯಾಗಿಲ್ಲ’ ಎಂದು ಬಂತು. ಅವರು ಹಿಂದಿಯಲ್ಲಿ ಚೆನ್ನಾಗಿ ಬೈದು, ಜೇಬಿನಿಂದ ಪಾಸ್‌ಪೋರ್ಟಿನ ಜೆರಾಕ್ಸ್ ತೆಗೆದು, ಒಂದೊಂದೇ ಕೀ ಹುಡುಕಿ ನಂಬರ್ ಹೊಡೆದರು. ಈ ಸಲ ಬಂದ ಧನ್ಯವಾದ ನಿಜವಾದದ್ದು.

“ಎಷ್ಟು ತಲೆ ತಿನ್ನುತ್ತದೆ! ಯಾರು ಮಾಡಿಸಿದ್ದು ಇದನ್ನು?” ಎಂದು ನನ್ನ ಕಡೆ ತಿರುಗಿದರು.

“ನಾನೇ,” ಎಂದೆ.